ಮುಳ್ಳುಹಂದಿ ಸದ್ದು ಮಾಡುವುದು ಯಾವಾಗ?

ಮಕ್ಕಳೇ, ನೆಟ್ಟಗೆ ಕುಳಿತು ಕೇಳಿ. ನಡುವೆ ಮಾತು ಬೇಡ.

ಒಂದು ಕುರುಚಲು ಕಾಡಿನಲ್ಲಿ ಚಪ್ಪಟೆಯಾದ ಬಂಡೆಯಿತ್ತು. ಅದರ ಮೇಲೆ ಬಳೆಯ ಆಕಾರದಲ್ಲಿ ಎಂಟು ಗುಳಿಗಳಿದ್ದವು. ಬಂಡೆಯ ಬುಡದ ಬಿಲದಲ್ಲಿ ಚೂಪಣ್ಣನೆಂಬ ಮುಳ್ಳುಹಂದಿ ಇದ್ದ. ಪಕ್ಕದ ಮರದಲ್ಲಿ ಕೆಂಚಮ್ಮನೆಂಬ ಕೋತಿ ತನ್ನ ಎಳೆಯ ಮರಿಯೊಡನೆ ಇದ್ದಳು.

ಬೇಸಿಗೆ ಬಂದಿತು; ಮರದ ಹಣ್ಣು ಮುಗಿಯಿತು. ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡರು. ಚೂಪಣ್ಣ ನೆಲದೊಳಗಿನ ಗೆಡ್ಡೆಗಳನ್ನು ಅಗೆದು ತಂದು ಗುಳಿಗೊಂದರಂತೆ ಸುತ್ತಲೂ ಇಡಬೇಕು; ಕೊನೆಯ ಗುಳಿಯಾದ ಮೇಲೆ ಮತ್ತೆ ಮೊದಲನೆಯದಕ್ಕೆ ಬರಬೇಕು. ಕೆಂಚಮ್ಮ ಅದೇ ಕ್ರಮದಲ್ಲಿ ಎತ್ತಿಕೊಳ್ಳಬೇಕು. ಪ್ರತಿಯಾಗಿ, ಚಿರತೆ ಕಂಡರೆ ಅವಳು ಮರದಿಂದ ಕೂಗಬೇಕು.

ಗೆಡ್ಡೆ ಇಟ್ಟಾಗಲೆಲ್ಲ ಚೂಪಣ್ಣ ತನ್ನ ಮುಳ್ಳುಗಳನ್ನು ಝಣಝಣ ಅಲುಗಿಸುತ್ತಿದ್ದ. ಒಂದು ಸಂಜೆ ಕೆಂಚಮ್ಮ ರೇಗಿದಳು.

"ಏನು ಚೂಪಣ್ಣ, ಒಂದೊಂದು ಗೆಡ್ಡೆಗೂ ಒಂದೊಂದು ಝಣಝಣವೇ? ನಾನು ಬಂಡೆಯ ಮೇಲೇ ಇದ್ದೇನಲ್ಲ! ಮರಿ ಬೆಚ್ಚಿ ಬೀಳುತ್ತದೆ."

"ಆಗಲಿ ತಾಯಿ, ಕಡಿಮೆ ಮಾಡುತ್ತೇನೆ."

ಚೂಪಣ್ಣ ಕುಳಿತು ಯೋಚಿಸಿದ. ಬಂಡೆ ಪೂರ್ತಿ ಬರಿದಾಗಿದ್ದರೆ ಮಾತ್ರ ಹೊಸ ಗೆಡ್ಡೆ ಇಟ್ಟಾಗ ಸದ್ದು ಮಾಡುವುದು. ಹಳೆಯ ಗೆಡ್ಡೆ ಉಳಿದಿದ್ದರೆ ಕೆಂಚಮ್ಮ ಇನ್ನೂ ಎತ್ತಿಕೊಳ್ಳುತ್ತಿದ್ದಾಳೆಂದು ಅರ್ಥ; ಆಗ ಮೌನ. ನಿಯಮ ಉತ್ತಮವಾಗಿತ್ತು. ಆದರೆ ಅದನ್ನು ಅವನು ಯಾರಿಗೂ ಹೇಳಲಿಲ್ಲ. ಇಷ್ಟು ಸರಳವಾದದ್ದನ್ನು ಹೇಳುವುದೇಕೆ ಎಂದುಕೊಂಡ.

ಮರುದಿನ ಕೆಂಚಮ್ಮನ ಕೈ ತುಂಬಿತು. ಎರಡು ಗೆಡ್ಡೆಗಳನ್ನು ಗುಳಿಯಲ್ಲೇ ಬಿಟ್ಟು ಮರವೇರಿದಳು. ಎಲೆಗಳ ಮರೆಯಿಂದಾಗಿ ಮೇಲಿಂದ ಗುಳಿಗಳು ಕಾಣುತ್ತಿರಲಿಲ್ಲ; ತಂದದ್ದು ಮುಗಿದ ಮೇಲೆ, ಉಳಿದೆರಡನ್ನು ಮರೆತು, ಸದ್ದಿಗಾಗಿ ಕಾದಳು.

ಚೂಪಣ್ಣ ಬಂದ. ಗೆಡ್ಡೆ ಉಳಿದಿರುವುದನ್ನು ಕಂಡ. ಹೊಸದನ್ನು ಇಟ್ಟು ಸುಮ್ಮನೆ ಹೋದ. ಹೀಗೆಯೇ ಎಂಟೂ ಗುಳಿಗಳು ತುಂಬಿದವು. ಆಮೇಲೆ ತಂದ ಗೆಡ್ಡೆಗಳಿಗೆ ಜಾಗವಿಲ್ಲದೆ ಅವು ಕೆಳಗೆ ಬಿದ್ದವು. ಕಾಡುಹಂದಿಗಳು ಬಂದು ತಿಂದವು.

"ಕೆಂಚಮ್ಮನಿಗೆ ನನ್ನ ಗೆಡ್ಡೆ ರುಚಿಸದೆ ಹೋಯಿತೇ?" ಎಂದು ಚೂಪಣ್ಣ ಗೊಣಗಿದ.

"ಚೂಪಣ್ಣನಿಗೆ ಸೋಮಾರಿತನ ಹತ್ತಿತು," ಎಂದು ಕೆಂಚಮ್ಮ ಸಿಡುಕಿದಳು.

ಇಬ್ಬರೂ ಕಾದರು. ಹಸಿವಿನಿಂದ ಅತ್ತು ಅತ್ತು ಮರಿಯ ದನಿಯೇ ಅಡಗಿತು. ಅದು ಸುಮ್ಮನಾದಾಗ ಕೆಂಚಮ್ಮನಿಗೆ ಭಯವಾಯಿತು. ಅದನ್ನು ಅವುಚಿಕೊಂಡು, ಬೈಯಲೆಂದೇ ಇಳಿದು ಬಂದಳು. ನೋಡಿದರೆ ಬಂಡೆಯ ತುಂಬ ಗೆಡ್ಡೆ!

"ಇಷ್ಟೊಂದು ಇಟ್ಟುಕೊಂಡು ಬಾಯಿ ಮುಚ್ಚಿಕೊಂಡಿದ್ದೆಯಾ?"

"ನೀನು ಎರಡು ಉಳಿಸಿದ್ದೆ. ಉಳಿದಿದ್ದರೆ ನಾನು ಸದ್ದು ಮಾಡುವುದಿಲ್ಲ. ಯೋಚಿಸಿದರೆ ಯಾರಿಗಾದರೂ ತಿಳಿಯುತ್ತದೆ."

"ನಿನ್ನ ತಲೆಯೊಳಗಿನ ನಿಯಮ ನನಗೆ ಮರದ ಮೇಲಿಂದ ಕಾಣುತ್ತದೆಯೇ, ಮಹಾರಾಯ?"

ಚೂಪಣ್ಣ ಮರಿಯತ್ತ ನೋಡಿದ. ಅದು ಒಂದು ಗೆಡ್ಡೆಯನ್ನು ಕರಕರ ಕಡಿಯುತ್ತಿತ್ತು.

"ತಪ್ಪು ನನ್ನದು," ಎಂದ ಅವನು. "ಈಗ ಹೇಳುತ್ತೇನೆ. ಬಂಡೆ ಬರಿದಾಗಿದ್ದರೆ ಕರೆಯುತ್ತೇನೆ. ಏನಾದರೂ ಉಳಿದಿದ್ದರೆ ಕರೆಯುವುದಿಲ್ಲ; ನೀನೇ ಬರಬೇಕು. ತುರ್ತಿದ್ದರೆ ಮಾತ್ರ, ಉಳಿದಿರಲಿ ಬಿಡಲಿ, ಕರೆದೇ ಕರೆಯುತ್ತೇನೆ."

"ನಾನೂ ಎಲ್ಲ ಗುಳಿಗಳನ್ನು ನೋಡದೆ ಕಾಯಲು ಕೂರುವುದಿಲ್ಲ. ಆದರೆ ನಾಳೆ ಬೇರೆ ಕೋತಿ ಬಂದರೆ ಅವಳಿಗೆ ಹೇಳುವವರಾರು?"

ಚೂಪಣ್ಣ ಮರದ ತೊಗಟೆಯ ಮೇಲೆ ಹಲ್ಲಿನಿಂದ ಚಿತ್ರ ಕೊರೆದ. ಬರಿದಾದ ಬಳೆ, ಪಕ್ಕದಲ್ಲಿ ಮುಳ್ಳು. ಗೆಡ್ಡೆಯಿರುವ ಬಳೆ, ಪಕ್ಕದಲ್ಲಿ ಏನೂ ಇಲ್ಲ. ಕೆಳಗೆ ದೊಡ್ಡದೊಂದು ಮುಳ್ಳು: ಅದು ತುರ್ತಿಗೆ.

ಕೆಂಚಮ್ಮ ಸುತ್ತಿ ಬಂದು ಬಂಡೆಯನ್ನು ಪೂರ್ತಿ ಬರಿದು ಮಾಡಿದಳು. ಮರದ ಮೇಲೆ ಮರಿ ಹೊಟ್ಟೆ ತುಂಬ ತಿಂದು ಕಣ್ಣು ಮುಚ್ಚಿತು. ಆಗಲೇ ಚೂಪಣ್ಣ ಹೊಸ ಗೆಡ್ಡೆ ತಂದ. ಮಲಗಿದ ಮರಿಯನ್ನು ಕಂಡು ಅನುಮಾನಿಸಿ ನಿಂತ.

"ನಿಂತದ್ದೇಕೆ? ಬಂಡೆ ಬರಿದಾಗಿದೆ, ಅಲುಗಿಸು!" ಎಂದು ಕೆಂಚಮ್ಮ ಮೇಲಿಂದ ಗದರಿಸಿದಳು.

ಝಣಝಣ! ಮರಿ ಎಚ್ಚರಗೊಂಡಿತು. ಈ ಸಲ ಬೆಚ್ಚಲಿಲ್ಲ. ಎರಡೂ ಕೈ ಚಾಚಿತು.

ನೀತಿ: ಯಾವಾಗ ಕರೆಯುವೆವು, ಯಾವಾಗ ಕರೆಯೆವು ಎಂಬುದನ್ನು ಮೊದಲೇ ತಿಳಿಸಿಡಬೇಕು; ಹೇಳದೆ ಉಳಿದ ಒಳ್ಳೆಯ ನಿಯಮವೂ ಕೇಡನ್ನೇ ತರುತ್ತದೆ.