ಬಾರದವರ ಎಲೆ

ಗವಿಬಾಗಿಲ ಮಠದ ದಾಸೋಹಕ್ಕೆ ನಿಯಮ ಒಂದೇ ಇತ್ತು: ಬೇಡವಾದದ್ದಕ್ಕೆ ಕೈ ಅಡ್ಡ ಹಿಡಿಯಬೇಕು, ಹಾಕಿಸಿಕೊಂಡದ್ದನ್ನು ಎಲೆ ಮಡಚಿ ಮುಚ್ಚಬಾರದು. ಪೂಜ್ಯ ಮರುಳಯ್ಯ ಅಜ್ಜನವರು ಇದಕ್ಕಿಂತ ಕಠಿಣವಾದ ವ್ರತವನ್ನು ಯಾರ ಮೇಲೂ ಹೊರಿಸಿದವರಲ್ಲ. ಆದರೂ ಅವರ ಗುರುಗಳ ಪುಣ್ಯತಿಥಿಯಂದು ಪಂಕ್ತಿಗೆ ಕುಳಿತವರಲ್ಲಿ ಒಬ್ಬರ ಹೊರತು ಎಲ್ಲರೂ ಅದನ್ನು ಮುರಿದರು. ಭಕ್ತಿಯ ಹೆಸರಿನಲ್ಲಿ ಮುರಿದರು ಎಂಬುದು ನಿಜ. ಅದರಿಂದ ತಪ್ಪು ಕಡಿಮೆಯಾಗುವುದಿಲ್ಲ.

ಮಠವೆಂದರೆ ಗುಡ್ಡದ ಬುಡದಲ್ಲೊಂದು ಗವಿ, ಮುಂದೆ ತಗಡಿನ ಚಪ್ಪರ, ಒಂದು ಹಸು. ಊಟದ ಸಾಲು ಗವಿಯ ಒಳಗೇ. ನಡುಮಧ್ಯಾಹ್ನದಲ್ಲೂ ಅಲ್ಲಿ ಹಣತೆ ಬೇಕು. ಆಡಿದ ಮಾತು ಒಳಗಿನ ಕತ್ತಲೆಗೆ ಹೋಗಿ, ತುಸು ತಡೆದು ಹಿಂದಿರುಗುತ್ತಿತ್ತು. ಹಾಗಾಗಿ ಜನ ತಗ್ಗಿದ ದನಿಯಲ್ಲೇ ಉಣ್ಣುತ್ತಿದ್ದರು. ಸಾಲಿನ ಕೊನೆಗೆ, ಹಣತೆಯ ಬೆಳಕು ಮುಗಿಯುವ ಕಡೆ, ಒಂದು ಮುತ್ತಲೆಲೆಯನ್ನು ಹೆಚ್ಚಿಗೆ ಹಾಸುವ ಪದ್ಧತಿ. ಅದಕ್ಕೆ ಬಾರದವರ ಎಲೆ ಎಂದು ಹೆಸರು. ಮೊದಲು ಬಡಿಸುವುದು ಅದಕ್ಕೇ. ಯಾರ ಸಲುವಾಗಿ ಎಂದು ಕೇಳಿದರೆ ಅಜ್ಜನವರು, “ಬಂದಾಗ ತಿಳೀತದ” ಎಂದಷ್ಟೇ ಹೇಳುತ್ತಿದ್ದರು. ಊಟ ಮುಗಿದ ಮೇಲೆ ಅದು ಹಸುವಿಗೆ ಹೋಗುತ್ತಿತ್ತು.

ತಿಥಿಯ ದಿನ ಅಜ್ಜನವರು ತಾವೇ ಪುಂಡಿಸೊಪ್ಪು ಕೊಯ್ದು, ಜೋಳದ ನುಚ್ಚು ಹಾಕಿ ಪಲ್ಯ ಕುದಿಸಿ, ತಮ್ಮ ಕೈಯಿಂದಲೇ ಬಡಿಸುತ್ತಿದ್ದರು. ಉಪ್ಪಿಲ್ಲ, ಖಾರವಿಲ್ಲ, ಒಗ್ಗರಣೆಯಿಲ್ಲ. ಗುರುಗಳು ಉಣ್ಣುತ್ತಿದ್ದದ್ದು ಹಾಗೆಯೇ. ಬಾಯಿಗಿಟ್ಟರೆ ಹಲ್ಲು ಜುಮ್ಮೆನ್ನುವಂಥ ಹುಳಿ.

ಆ ವರ್ಷ ಶರಣವ್ವನವರು ತಮ್ಮ ಯಜಮಾನರನ್ನು ಕರೆತಂದರು. ಅವರು ತೋಟೇಂದ್ರಪ್ಪನವರು, ತಾಲೂಕಿನ ವಕೀಲರು. ಮಠ, ಪವಾಡ, ಅಂಗಾರದ ಬೂದಿ ಯಾವುದನ್ನೂ ನಂಬದವರು. ಕೋಟಿನ ಹೆಗಲು ಇಳಿಬಿದ್ದಿತ್ತು, ಕಾಲರಿನೊಳಗೆ ಕುತ್ತಿಗೆ ಕಡ್ಡಿಯಂತೆ ಕಾಣುತ್ತಿತ್ತು. ತಾಯಿ ತೀರಿಕೊಂಡಂದಿನಿಂದ ಅವರಿಗೆ ಪುಂಡಿಪಲ್ಯ ಸೇರುತ್ತಿರಲಿಲ್ಲ. ಬರಬರುತ್ತ ಅದರ ಜೊತೆಗಿರುತ್ತಿದ್ದ ರೊಟ್ಟಿಯೂ ಬೇಡವಾಯಿತು, ಆಮೇಲೆ ಹುಳಿ ಎಂಬುದೆಲ್ಲ, ಆಮೇಲೆ ಬೇಳೆ, ಕಾಯಿ, ಅನ್ನ. ಈಗ ಉಳಿದದ್ದು ಹಾಲು ಮತ್ತು ಚುರುಮುರಿ. ಮೊನ್ನೆಯಿಂದ ಹಾಲಿನ ಲೋಟವನ್ನೂ ದೂರ ತಳ್ಳತೊಡಗಿದ್ದರು. ಡಾಕ್ಟರರು ಪರೀಕ್ಷೆಯೆಲ್ಲ ಮಾಡಿ ರೋಗವೇ ಇಲ್ಲ ಎಂದಿದ್ದರು. ಹೀಗೇ ಬಿಟ್ಟರೆ ಮನುಷ್ಯ ಉಳಿಯುವುದಿಲ್ಲ ಎಂದೂ ಅವರೇ ಹೇಳಿದ್ದರು.

ಶರಣವ್ವನವರು ಪಾದಕ್ಕೆರಗಿ ಬಾಯಿ ತೆರೆಯುವ ಮೊದಲೇ ಅಜ್ಜನವರು, “ಉಣ್ಣಾಕ ಕೂಡ್ರಿ” ಎಂದರು. ವಕೀಲರನ್ನು ಸಾಲಿನ ಕೊನೆಗೆ, ಬಾರದವರ ಎಲೆಯ ಪಕ್ಕದಲ್ಲಿ ಕೂರಿಸಿದರು.

ಪಲ್ಯ ಬಂತು. ಅಜ್ಜನವರೇ ಸೌಟು ಹಿಡಿದು ಬರುತ್ತಿರುವಾಗ ಕೈ ಅಡ್ಡ ಹಿಡಿಯುವವರು ಯಾರು? ಒಬ್ಬೊಬ್ಬರೂ ಎಲೆ ಮುಟ್ಟಿ ಕಣ್ಣಿಗೊತ್ತಿಕೊಂಡು ಹಾಕಿಸಿಕೊಂಡರು. ಅಜ್ಜನವರು ಮುಂದಕ್ಕೆ ಸರಿದದ್ದೇ ಎಲೆಯ ಅಂಚನ್ನು ಮೆಲ್ಲಗೆ ಮಡಚಿ ಪಲ್ಯವನ್ನು ಮುಚ್ಚಿದರು. ಬೆರಳುಗಳು ಅಷ್ಟು ಸಲೀಸಾಗಿ ಆಡಿದ್ದನ್ನು ನೋಡಿದರೆ ಇದು ಪ್ರತಿವರ್ಷದ ರೂಢಿಯೆಂದು ತಿಳಿಯುತ್ತಿತ್ತು.

ತೋಟೇಂದ್ರಪ್ಪನವರು ಮಾತ್ರ ಎಲೆಯ ಮೇಲೆ ಅಂಗೈ ಚಾಚಿದರು. “ಬ್ಯಾಡ್ರಿ.”

ಪಕ್ಕದಲ್ಲಿದ್ದ ಅರಳೆ ವ್ಯಾಪಾರಿ ಮುರಿಗೆಪ್ಪ ಮೊಣಕೈಯಿಂದ ತಿವಿದ. “ಏನ್ರೀ ವಕೀಲಸಾಹೇಬ್ರ, ಅಜ್ಜಾರಿಗೇ ತಕರಾರು ಹಾಕ್ತೀರೇನು? ಹಾಕಿಸ್ಕೊಂಡು ಎಲಿ ಮಡಚ್ರಿ, ಮುಗೀತು.”

“ತಿನ್ನದ್ದನ್ನ ತಿಂದೆ ಅಂತ ತೋರ್ಸಂಗಿಲ್ಲ ನಾ.”

ಅಜ್ಜನವರ ಮುಖದಲ್ಲಿ ಸಿಟ್ಟಿರಲಿಲ್ಲ. ಅವರ ಕಣ್ಣು ಮುರಿಗೆಪ್ಪನ ಮಡಚಿದ ಎಲೆಯ ಮೇಲೆ ಒಂದು ಕ್ಷಣ ನಿಂತಿತು. ಅನಂತರ ಅವರು ಸೌಟನ್ನು ಪಾತ್ರೆಯಲ್ಲಿಟ್ಟು, ಪಾತ್ರೆಯನ್ನು ಬಾರದವರ ಎಲೆಯ ಬಳಿ ಇಳಿಸಿ, ದೂರ ಹೋಗಿ ಹಣತೆಯ ಪಕ್ಕ ಕುಳಿತರು.

ಜನ ಒಬ್ಬೊಬ್ಬರಾಗಿ ಎದ್ದರು. ತೋಟೇಂದ್ರಪ್ಪನವರು ಏಳಲಿಲ್ಲ. ಎಲೆಯ ಮೇಲಿನ ಕೈಯನ್ನು ಅವರಿಗೆ ತೆಗೆಯಲಾಗಲಿಲ್ಲ. ತೆಗೆದರೆ ಬಡಿಸಿಬಿಡುತ್ತಾರೆ ಎಂಬಂತೆ, ಎದುರಿಗೆ ಯಾರೋ ಬಾಗಿ ನಿಂತಿದ್ದಾರೆ ಎಂಬಂತೆ, ಆ ಕೈ ಹಾಗೆಯೇ ಇತ್ತು. ಅದರ ಹಿಂಭಾಗಕ್ಕೆ ಬಿಸಿ ಪಲ್ಯದ ಹಬೆ ತಾಗುತ್ತಿತ್ತು. ಪಾತ್ರೆಯಾದರೋ ಆಗಲೇ ಆರಿತ್ತು.

ಗವಿಯ ಒಳಗಿನಿಂದ, ಮಾತು ಹಿಂದಿರುಗಿ ಬರುವ ಆ ಕತ್ತಲೆಯಿಂದ, ಒಂದು ದನಿ ಬಂತು.

“ತಡಿ ತಮ್ಮಾ, ತರ್ತೀನಿ.”

ಬೇರೆ ಯಾರಿಗೂ ಅದು ಕೇಳಿಸಲಿಲ್ಲ. ಬಾಗಿಲ ಬಳಿ ನಿಂತಿದ್ದ ಶರಣವ್ವನವರಿಗೆ ಕೇಳಿಸಿದ್ದು ಬಳೆಯ ಸದ್ದು ಮಾತ್ರ. ಹೆಂಗಸರೆಲ್ಲ ಆಗಲೇ ಹೊರಗೆ ಕೈ ತೊಳೆಯುತ್ತಿದ್ದರು.

ತೋಟೇಂದ್ರಪ್ಪನವರು ಯಾರಿಗೂ, ಹೆಂಡತಿಗೂ ಹೇಳದ ಸಂಗತಿ ಒಂದಿತ್ತು. ತಾಯಿ ಸತ್ತಾಗ ಮಗ ಕೋರ್ಟಿನಲ್ಲಿದ್ದ ಎಂದು ಮನೆಯವರು ನಂಬಿದ್ದರು. ಅವರು ಇದ್ದದ್ದು ಪಡಸಾಲೆಯಲ್ಲಿ, ತಾಟಿನ ಮುಂದೆ. “ಯವ್ವಾ, ಇನ್ನೊಂದೀಟು ಪಲ್ಯ ಹಾಕು” ಎಂದಿದ್ದರು. “ತಡಿ ತಮ್ಮಾ, ತರ್ತೀನಿ” ಎಂದು ಒಳಗೆ ಹೋದ ತಾಯಿ ಹೊರಗೆ ಬರಲಿಲ್ಲ. ಮತ್ತೆ ಕೂಗಿದರು, ಉತ್ತರವಿಲ್ಲ. ಹೊತ್ತಾಯಿತೆಂದು ಸಿಡುಕಿ, ಒಣ ರೊಟ್ಟಿ ತಿಂದು, ಕೈ ತೊಳೆದು ಹೊರಟುಹೋಗಿದ್ದರು. ಒಲೆಯ ಮುಂದೆ ಬಿದ್ದಿದ್ದ ಆಕೆಯ ಕೈಯಲ್ಲಿ ಪಲ್ಯದ ಸೌಟು ಇತ್ತೆಂದು ಸಂಜೆ ಯಾರೋ ಹೇಳಿದ್ದರು.

ಹಣತೆಯ ಪಕ್ಕದಿಂದ ಅಜ್ಜನವರು, ಕುಳಿತಲ್ಲಿಂದ ಅಲುಗದೆ, ನುಡಿದರು:

“ಪಲ್ಯ ತರಾಕ ಹೋದಾಕಿ ಇನ್ನೂ ನಿಂತಾಳ. ಕೈ ತಗಿ, ತಮ್ಮಾ.”

ಅಷ್ಟೇ. ಅಜ್ಜನವರ ಮಣಿಕಟ್ಟಿನಲ್ಲಿ ರುದ್ರಾಕ್ಷಿಯಲ್ಲದೆ ಬೇರೇನೂ ಇರಲಿಲ್ಲ ಎಂಬುದನ್ನು ಶರಣವ್ವನವರು ಕೊನೆಯವರೆಗೂ ಹೇಳುತ್ತಿದ್ದರು. ಏಕೆಂದರೆ ಬಳೆಯ ಸದ್ದು ಮತ್ತೊಮ್ಮೆ ಕೇಳಿಸಿತು, ಈ ಸಲ ಹತ್ತಿರದಲ್ಲಿ, ಅವರ ಯಜಮಾನರ ಎಲೆಯ ಮೇಲೆಯೇ.

ವಕೀಲರು ಕೈ ತೆಗೆದರು. ಎಲೆಯಲ್ಲಿ ಪಲ್ಯವಿತ್ತು, ಹಬೆಯಾಡುತ್ತಿತ್ತು.

ಮೊದಲ ತುತ್ತು ಬಾಯಿಗಿಟ್ಟರು. ಕಣ್ಣಲ್ಲಿ ನೀರು ಬಂತು. ತುತ್ತು ಮರಳಿ ಬಾಯಿಗೆ ಬಂತು. ಅವರು ಉಗುಳಲಿಲ್ಲ. ನುಂಗಿದರು. ಎರಡನೆಯದನ್ನು ಅಗಿದರು. ಹೊರಗೆ ಮುರಿಗೆಪ್ಪನ ನಗು ಕೇಳಿಸುತ್ತಿತ್ತು. ಮಡಚಿದ ಎಲೆಗಳನ್ನು ಹಸುವಿನ ಮುಂದೆ ಸುರಿದಿದ್ದರು; ಹಸು ಮೂಸಿ ನೋಡಿ, ಮುಖ ತಿರುಗಿಸಿ, ಗವಿಯ ಬಾಗಿಲನ್ನೇ ದಿಟ್ಟಿಸುತ್ತ ನಿಂತಿತ್ತು.

ತೋಟೇಂದ್ರಪ್ಪನವರು ಎಲೆಯನ್ನು ಬೆರಳಿನಿಂದ ಬಳಿದು ನೆಕ್ಕಿದರು. ಅದನ್ನು ಮಡಚಲಿಲ್ಲ. ಎರಡೂ ಕೈಗಳಿಂದ ಎತ್ತಿ, ಯಾರೂ ಕುಳಿತಿರದ ಆ ಕತ್ತಲೆಯ ಕಡೆಗೆ ಒಡ್ಡಿದರು.

“ಯವ್ವಾ, ಇನ್ನೊಂದೀಟು ಹಾಕು.”