ಮೊದಲ ತೊಟ್ಟಿಲು

"ಗುರುಗಳೇ, ಅವಘಡವೊಂದು ವಿಧಿಯಿಂದ ಆಯಿತೋ ಮನುಷ್ಯನ ತಪ್ಪಿನಿಂದ ಆಯಿತೋ, ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ. ಗುರುಗಳು ಈ ಕತೆ ಹೇಳಿದರು.

ಊರ ಹೊರಗೆ ಒಬ್ಬ ವ್ಯಾಪಾರಿ ಆಟದ ಉದ್ಯಾನ ನಡೆಸುತ್ತಿದ್ದ. ನಡುವೆ ಮುಗಿಲು ಮುಟ್ಟುವಂಥ ಜೈಂಟ್ ವೀಲ್. ಆಯುಧಪೂಜೆಯ ದಿನ ಅದರ ಮೊದಲ ತೊಟ್ಟಿಲಿನಲ್ಲಿ ಅವನ ಮಗಳೇ ಕೂರಬೇಕು. ಊರ ಮಕ್ಕಳ ಸರದಿ ಆಮೇಲೆ. ಅದು ಅಲ್ಲಿನ ಪದ್ಧತಿ.

ಆ ವರ್ಷ ಬಾಗಿಲು ತೆರೆಯುತ್ತಲೇ ಜನ ಕಿಕ್ಕಿರಿದರು. ಪೀಪಿ, ಕೇಕೆ, ನೂಕುನುಗ್ಗಲು! ವ್ಯಾಪಾರಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೂದುಗುಂಬಳಕಾಯಿ ತರಿಸಿದ, ಚೆಂಡುಹೂವಿನ ಹಾರ ಏರಿಸಿದ, ಮೊದಲ ತೊಟ್ಟಿಲನ್ನು ಒದ್ದೆಬಟ್ಟೆಯಿಂದ ತಾನೇ ಒರೆಸಿದ. ಒರೆಸುವಾಗ ತೊಟ್ಟಿಲನ್ನು ಹಿಡಿದಿದ್ದ ಕಬ್ಬಿಣದ ಸರಳಿನಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು.

ವೀಲ್ ನಿಲ್ಲಿಸಿದರೆ ಇಷ್ಟು ಜನಕ್ಕೆ ಏನು ಹೇಳುವುದು? ಅದೂ ಹಬ್ಬದ ದಿನ! ಅವನು ಬಿರುಕಿನ ಮೇಲೆ ಕುಂಕುಮವನ್ನು ದಪ್ಪಗೆ ಮೆತ್ತಿ, ಕಣ್ಣುಮುಚ್ಚಿ ಕೈಮುಗಿದ.

ಅಷ್ಟರಲ್ಲಿ ಮಗಳು ಹೊಸ ಲಂಗ ಎತ್ತಿಕೊಂಡು ಓಡಿ ಬಂದು ತೊಟ್ಟಿಲೇರಿದಳು. "ಅಪ್ಪಾ, ಬೇಗ ಬಿಡಪ್ಪಾ! ಮೋಡ ಮುಟ್ಟಿ ಬರ್ತೀನಿ!"

ವ್ಯಾಪಾರಿ ಅವಳ ರಟ್ಟೆ ಹಿಡಿದು ಇಳಿಸಿದ. "ಇವತ್ತು ಬೇಡ ಕಣಮ್ಮಾ. ನಾಳೆ ಕೂರುವೆಯಂತೆ."

ಸಾಲಿನ ಮುಂದಿದ್ದ ಒಬ್ಬ ತಾಯಿ ನಕ್ಕಳು. "ಏನು ಯಜಮಾನರೇ, ನಿಮ್ಮ ಮಗಳಿಗೆ ಪುಕ್ಕಲೋ? ನಮ್ಮವನನ್ನು ನೋಡಿ, ಹುಲಿ!" ಎಂದು ತನ್ನ ಮಗುವನ್ನು ಅದೇ ತೊಟ್ಟಿಲಿನಲ್ಲಿ ಕೂರಿಸಿದಳು.

ವ್ಯಾಪಾರಿ ಬಾಯಿ ತೆರೆದ. ಕಿಕ್ಕಿರಿದ ಸಾಲು ನೋಡಿ, ವೀಲ್ ಮುಂದೆ ಕಾಯಿ ಎತ್ತಿ ಹಿಡಿದ. ಬೂದುಗುಂಬಳ ಒಡೆಯಿತು. ಜನ ಹೋ ಎಂದರು. ವೀಲ್ ತಿರುಗಿತು. ಮಕ್ಕಳ ಕೇಕೆ ಮುಗಿಲಿಗೇರಿತು. ತುತ್ತತುದಿಯಲ್ಲಿ ಮೊದಲ ತೊಟ್ಟಿಲು ಕಳಚಿ ಬಿತ್ತು. ಮಗು ಉಳಿಯಲಿಲ್ಲ.

ವ್ಯಾಪಾರಿ ಆ ತಾಯಿಯ ಕಾಲ ಬಳಿ ಕುಸಿದು ಅತ್ತ. "ಎಲ್ಲ ವಿಧಿ, ತಾಯೀ. ಪೂಜೆಯಲ್ಲಿ ನಾನು ಒಂದು ಕೊರತೆಯನ್ನೂ ಮಾಡಲಿಲ್ಲ" ಎಂದ. ಅವನ ಕಣ್ಣೀರು ನಿಜವಾಗಿತ್ತು. ಸುತ್ತ ನಿಂತವರೂ ಹೌದು ಹೌದು ಎಂದು ಕಣ್ಣೊರೆಸಿಕೊಂಡರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ದೇವರು ಕಾಯುತ್ತಾನೆಂದು ನಂಬಿಯೇ ಅವನು ಕುಂಕುಮ ಹಚ್ಚಿರಬೇಕಲ್ಲವೇ ಗುರುಗಳೇ? ನಂಬಿದವನನ್ನು ತಪ್ಪಿತಸ್ಥ ಎನ್ನುವುದು ಹೇಗೆ?"

ಗುರುಗಳು ಹೇಳಿದರು: "ನಂಬಿದ್ದರೆ ಮಗಳನ್ನು ಇಳಿಸುತ್ತಿದ್ದನೇ?"