ರಿವರ್ಸ್ ಹಾಕಿದರೆ ಎಡಕ್ಕೆ

ಶಿಷ್ಯ ಚನ್ನವೀರ ಗುರುಗಳ ಮುಂದೆ ಕೈಮುಗಿದು ನಿಂತ. "ಗುರುಗಳೇ, ಯಾರು ತಪ್ಪು ಮಾಡಿದರೂ ನನ್ನ ಬಾಯಿ ಸುಮ್ಮನಿರುವುದಿಲ್ಲ. ಮೂರು ಸಲ ಮೌನವ್ರತ ಹಿಡಿದೆ, ಮೂರು ಸಲವೂ ಮುರಿಯಿತು. ಈಗ ಇಲ್ಲಿ ನನ್ನ ಮುಖ ಕಂಡರೆ ಯಾರಿಗೂ ಆಗುವುದಿಲ್ಲ. ಈ ಗುಣ ಹೋಗುವುದು ಯಾವಾಗ? ಹೋಗುವುದಿಲ್ಲವಾದರೆ ಆಶ್ರಮ ಬಿಟ್ಟು ನಾನೇ ಹೋಗಲೇ?"

ಗುರುಗಳು ಕತೆ ಹೇಳಿದರು.

ಹೊಳೆ ದಾಟಿಸುವ ಒಬ್ಬ ದೋಣಿಯವನಿದ್ದ. ಹುಟ್ಟು ಹಾಕಿ ಹಾಕಿ ಸಾಕಾಗಿ ಯಂತ್ರದ ದೋಣಿ ತಂದ. ಮುಂದೆ ಹೋಗುವಾಗ ಅದು ಬಹಳ ಸಾಧು. ಜನ ಹತ್ತಿಳಿಯುವ ದಡದ ಕಟ್ಟೆ, ಅಂದರೆ ಧಕ್ಕೆಯ ಹತ್ತಿರ ನಿಲ್ಲಿಸಲು ರಿವರ್ಸ್ ಹಾಕಿದನೋ, ನೀರೊಳಗಿನ ಫ್ಯಾನು ಉಲ್ಟಾ ತಿರುಗಿ ದೋಣಿಯ ಹಿಂಭಾಗವನ್ನು ಎಡಕ್ಕೆ ಎಳೆಯುತ್ತಿತ್ತು. ಅವನೋ ಧಕ್ಕೆಯನ್ನು ಯಾವಾಗಲೂ ಬಲಕ್ಕೇ ಇಟ್ಟುಕೊಂಡು ಬರುವವನು. ಬಲಮಗ್ಗುಲಿಂದ ಇಳಿಯುವುದೇ ಶುಭವೆಂದು ಅವನ ಅಪ್ಪ, ಅಜ್ಜ ಹಾಗೇ ತರುತ್ತಿದ್ದರು. ಹೀಗಾಗಿ ಮೂತಿ ಧಕ್ಕೆಗೆ ಗುದ್ದುತ್ತಿತ್ತು, ಹಿಂಭಾಗ ಹೊಳೆಯ ಕಡೆ ಸರಿಯುತ್ತಿತ್ತು, ಇಳಿಯಲು ಕಾಲೆತ್ತಿದವರು ನಡುವಿನ ನೀರಿಗೆ ಬೀಳುತ್ತಿದ್ದರು. ಶುಭ ಅಲ್ಲಿಗೆ ಮುಗಿಯುತ್ತಿತ್ತು.

ದೋಣಿಯವ ಆ ಗುಣ ಬಿಡಿಸಲು ಹೊರಟ. ಬಡಗಿಯನ್ನು ಕರೆಸಿ ಹಲಗೆ ಹೆರೆಸಿದ. ಯಂತ್ರಕ್ಕೆ ನಿಂಬೆಹಣ್ಣು ಕಟ್ಟಿಸಿದ. ಊರಿನ ದಪ್ಪನೆಯವರನ್ನೆಲ್ಲ ಹುಡುಕಿ ಬಲಗಡೆ ಕೂರಿಸಿದ. ದೋಣಿ ವಾಲಿತು, ದಪ್ಪನೆಯವರಿಗೆ ಸಿಟ್ಟು ಬಂತು, ಹಿಂಭಾಗ ಮಾತ್ರ ಎಡಕ್ಕೇ ಹೋಯಿತು. ಕೊನೆಗೆ ಒಂದು ದಿನ ಊರಿನ ಹಿರಿಯರೇ ಬಿದ್ದರು. ಎದ್ದು ಪಂಚೆ ಹಿಂಡುತ್ತಾ, "ಇನ್ನೊಬ್ಬರು ಬಿದ್ದರೆ ಈ ಕಡವಿನಲ್ಲಿ ಹೊಳೆ ದಾಟಿಸುವ ಕೆಲಸ ಬೇರೆಯವನಿಗೆ" ಎಂದರು. ದೋಣಿಯವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಪಾಪ, ಅಳುವುದೊಂದು ಬಾಕಿ.

ಮರುದಿನ ಅವನ ದೋಣಿ ಹತ್ತಿದ್ದು ಮೀನು ಮಾರುವ ಮುದುಕಿ ಒಬ್ಬಳೇ. ಅವಳು ಆಗಲೇ ನಾಲ್ಕು ಸಲ ಬಿದ್ದವಳು, ಹೆದರಿಕೆ ಉಳಿದಿರಲಿಲ್ಲ.

"ದೋಣಿಯ ಹಿಂಬದಿ ಎಡಕ್ಕೆ ಹೋಗ್ತದೆ ಅಂತ ನಿಂಗೆ ಗೊತ್ತುಂಟು, ಊರಿಗೂ ಗೊತ್ತುಂಟು. ಧಕ್ಕೆಯನ್ನ ಎಡಕ್ಕೆ ಇಟ್ಕೊಂಡು ಬರ್ಲಿಕ್ಕೆ ಎಂತ ರೋಗ ಮಾರಾಯ ನಿಂಗೆ?"

"ನಮ್ಮ ಅಪ್ಪ, ಅಜ್ಜ..."

"ಅವರ ದೋಣಿಗೆ ಫ್ಯಾನಿತ್ತಾ?"

ಅವನು ದೋಣಿ ತಿರುಗಿಸಿ ಧಕ್ಕೆಯನ್ನು ಎಡಕ್ಕೆ ಮಾಡಿಕೊಂಡ. ಮೂತಿಯನ್ನು ಸ್ವಲ್ಪ ಓರೆಯಾಗಿ ಧಕ್ಕೆಯತ್ತ ಹಿಡಿದು ನಿಧಾನವಾಗಿ ಬಂದ. ಇನ್ನೇನು ತಾಗಬೇಕು ಎನ್ನುವಾಗ ರಿವರ್ಸ್ ಹಾಕಿದ. ದೋಣಿ ನಿಂತಿತು. ಹಿಂಭಾಗ ತಾನಾಗಿ ಎಡಕ್ಕೆ ಸರಿದು ಧಕ್ಕೆಗೆ ಒರಗಿತು. ಮುದುಕಿ ಬುಟ್ಟಿ ಹೊತ್ತು, ಸೆರಗೂ ನೆನೆಯದೆ ಇಳಿದಳು. ಅದೂ ಬಲಗಾಲಿಟ್ಟೇ.

ಗುರುಗಳು ನಿಲ್ಲಿಸಿದರು. ಚನ್ನವೀರ ತುಟಿ ಕಚ್ಚಿಕೊಂಡು ಕುಳಿತ. ಆದರೆ ತಡೆಯಲಾಗಲಿಲ್ಲ.

"ಗುರುಗಳೇ, ಹೋದ ವರ್ಷ ಈ ಕತೆ ಹೇಳಿದಾಗ ಮುದುಕಿ ತರಕಾರಿ ಮಾರುತ್ತಿದ್ದಳು."

"ನಾಳೆಯಿಂದ ನನ್ನ ಪ್ರವಚನವನ್ನು ಮೊದಲು ನಿನ್ನೊಬ್ಬನಿಗೆ ಹೇಳುತ್ತೇನೆ, ತಪ್ಪು ಹಿಡಿ. ಮೂವತ್ತು ವರ್ಷಗಳಿಂದ ನನಗೆ ಸಿಕ್ಕಿದ್ದು ತಲೆಯಾಡಿಸುವವರೇ."

ಚನ್ನವೀರ ಗುರುಗಳ ಹತ್ತಿರಕ್ಕೆ ಸರಿದು ಕುಳಿತ.